ತುಂಬದ ಕೊಡ

ಯಶೋದಮ್ಮನಿಗೆ ಎಡ ಎಂದರೆ ಆಗದು. ಹೊಸ್ತಿಲು ದಾಟುವಾಗ ಬಲಗಾಲು, ಬಸ್ಸು ಹತ್ತುವಾಗ ಬಲಗಾಲು, ಚಪ್ಪಲಿ ಮೆಟ್ಟುವಾಗಲೂ ಬಲಗಾಲೇ ಮೊದಲು. ಆಟೋದವನಿಗೆ ದಾರಿ ಹೇಳಬೇಕಾಗಿ ಬಂದರೆ "ಬಲಕ್ಕಲ್ಲಪ್ಪಾ, ಇನ್ನೊಂದು ಕಡೆಗೆ" ಎನ್ನುತ್ತಿದ್ದಳೇ ಹೊರತು ಆ ಎರಡಕ್ಷರ ಅವಳ ಬಾಯಿಂದ ಬಿದ್ದದ್ದನ್ನು ಅತ್ತಿಗುಪ್ಪೆಯಲ್ಲಿ ಕೇಳಿದವರಿಲ್ಲ. ತಾಯಿ ಕಲಿಸಿದ ಪಾಠ ಅದು. ದೇವರ ಮುಂದೆ, ದೀಪದ ಮುಂದೆ, ಊಟದ ಎಲೆಯ ಮುಂದೆ ಕೆಟ್ಟ ಮಾತು ಆಡಬಾರದು. ಎಡ ಅನ್ನುವುದೂ ಕೆಟ್ಟ ಮಾತೇ.

ಗಂಡ ತೀರಿಕೊಂಡ ಮೇಲೆ ಅವಳು ತವರಿಗೇ ಬಂದು ನಿಂತಿದ್ದಳು. ಅಣ್ಣ ಅತ್ತಿಗೆ ಇಬ್ಬರೂ ಹೋದ ಮೇಲೆ ಅವರ ಮಕ್ಕಳಾದ ಭೈರೇಶ್ ಮತ್ತು ಕೀರ್ತನಾಳಿಗೆ ಮನೆಯಲ್ಲಿ ಹಿರಿಯಳೆಂದರೆ ಈ ಅತ್ತೆಯೊಬ್ಬಳೇ. ಮಾತು ಕಡಿಮೆ, ಕೇಳುವುದು ಹೆಚ್ಚು. ಶನಿವಾರ ಸಂಜೆ ರಾಜಾಜಿನಗರದ ದೇವಸ್ಥಾನವೊಂದರಲ್ಲಿ ಕಾವ್ಯವಾಚನ ನಡೆಯುತ್ತಿತ್ತು. ಅವಳು ಹೋಗಿ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೂತರೆ ಮಂಗಳಾರತಿಯ ಗಂಟೆಗೇ ಕಣ್ಣು ಬಿಡುವುದು.

ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅವಳು ಹೇಳುತ್ತಿದ್ದುದು ಒಂದೇ ಪದ್ಯ. ಅವಳ ತಂದೆ ತಮ್ಮಣ್ಣ ಮೇಷ್ಟ್ರು ತಾವೇ ಕಟ್ಟಿ ಹೇಳಿಕೊಟ್ಟದ್ದು.

ಚಂದ್ರ ಧರೆ ಶರ ಲೋಕ ಗಿರಿಗಳು
ನಂದದಗ್ನಿಯ ಕೂಡಿ ನಿಂತರೆ
ಬಂದರಿಬ್ಬರೆ ಮಕ್ಕಳವರಲಿ
ಕಂದ ಮೂಡಣ ಹಿರಿಯ ತೆಂಕಣ
ಇಂದು ತುಂಬದ ಕೊಡವ ಮುಚ್ಚಿದೆ
ಸಂದ ಲೆಕ್ಕವು ಬಲಕೆ ನಡೆವುದು

ಅರ್ಥ ಕೇಳಿದರೆ "ದೇವರ ಪದ್ಯ" ಎನ್ನುತ್ತಿದ್ದಳು. ಮೇಷ್ಟ್ರು ಊರ ಶಾಲೆಯಲ್ಲಿ ಲೆಕ್ಕವನ್ನೂ ಪದ್ಯವನ್ನೂ ಕಲಿಸುತ್ತಿದ್ದವರು. ಅತ್ತಿಗುಪ್ಪೆಯ ಹೊಲಗಳು ಬಡಾವಣೆಗೆ ಹೋದ ವರ್ಷ, ಯಶೋದಮ್ಮನಿಗೆ ಆಗ ಹನ್ನೆರಡು, ಇಬ್ಬರು ಹೆಣ್ಣುಮಕ್ಕಳನ್ನು ಮಾರಮ್ಮನ ಗುಡಿಯ ದೀಪದ ಕಂಬದ ಹತ್ತಿರ ನಿಲ್ಲಿಸಿಕೊಂಡು ಇಬ್ಬರಿಗೂ ಒಂದೊಂದು ಪದ್ಯ ಹೇಳಿಕೊಟ್ಟರು. ದೊಡ್ಡವಳು ಹೊನ್ನವ್ವನಿಗೆ ಒಂದು, ಚಿಕ್ಕವಳಿಗೆ ಇನ್ನೊಂದು. "ಬರೆದಿಡಬೇಡಿ. ಬಾಯಲ್ಲಿರಲಿ. ಒಬ್ಬಳದು ಇನ್ನೊಬ್ಬಳು ಕಲೀಬೇಡಿ" ಅಂದರು. ಯಾಕೆ ಅನ್ನಲಿಲ್ಲ.

ಹದಿನಾಲ್ಕು ವರ್ಷದ ಮೇಲೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಿದ್ದು ಹೋದದ್ದು ಬಲಗೈ, ಬಲಗಾಲು. ಆದರೆ ನಾಲಗೆ ಎಳೆದೆಳೆದು ಮೂರು ದಿನ ಅವರು ಹೇಳಿದ್ದು ಒಂದೇ ಮಾತು: "ಎಡ... ಎಡ..." ಯಶೋದಮ್ಮ ದೀಪ ಹಚ್ಚಿ ಪದ್ಯ ಹೇಳಿ ಮುಗಿಸಿದಾಗಲೆಲ್ಲ ಅದು ಜೋರಾಗುತ್ತಿತ್ತು. ನೋವು ಆ ಕಡೆಗೂ ಹಬ್ಬಿರಬೇಕೆಂದು ಮನೆಯವರು ಎಡಗೈಗೇ ಹರಳೆಣ್ಣೆ ತಿಕ್ಕಿ ತಿಕ್ಕಿ ಕೆಂಪಾಗಿಸಿದರು. ನಾಲ್ಕನೆಯ ದಿನ ಮೇಷ್ಟ್ರು ಸುಮ್ಮನಾದರು.

ಎರಡು ಸಾವಿರದ ಏಳನೆಯ ಇಸವಿಯ ಶ್ರಾವಣದ ಒಂದು ಶನಿವಾರ. ವಾಚನದ ನಡುವೆ ವ್ಯಾಖ್ಯಾನ ಮಾಡುವವರು ಒಂದು ವಿಷಯ ಎತ್ತಿದರು. ಹಿಂದಿನವರು ಇಸವಿಯನ್ನೂ ಅಳತೆಯನ್ನೂ ಅಂಕಿಯಲ್ಲಿ ಬರೆಯುತ್ತಿರಲಿಲ್ಲ, ಮಾತಿನಲ್ಲಿ ಅಡಗಿಸುತ್ತಿದ್ದರು. ಕಣ್ಣು ಅಂದರೆ ಎರಡು, ವೇದ ಅಂದರೆ ನಾಲ್ಕು, ಚಂದ್ರ ಅಂದರೆ ಒಂದು, ಶರ ಅಂದರೆ ಮನ್ಮಥನ ಐದು ಬಾಣ. "ಆದರೆ ಓದೋ ಕ್ರಮ ಒಂದಿದೆ, ಅದನ್ನ ತಪ್ಪಿದರೆ..." ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು. ಕತ್ತಲಲ್ಲೇ ಕೋಸಂಬರಿ ಹಂಚಿದರು, ಜನ ಎದ್ದರು.

ಯಶೋದಮ್ಮ ಬಸ್ಸಿನಲ್ಲಿ ಮನೆಗೆ ಬರುವಾಗ ತುಟಿಯೊಳಗೇ ತನ್ನ ಪದ್ಯ ಹೇಳಿಕೊಂಡಳು. ಚಂದ್ರ. ಧರೆ. ಶರ.

ಮರುದಿನ ಬೆಳಿಗ್ಗೆ ಕೀರ್ತನಾ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಬಿ.ಎಸ್ಸಿ. ಕೊನೆಯ ವರ್ಷ, ಲೆಕ್ಕವೆಂದರೆ ಪ್ರಾಣ. ವಿಜಯನಗರದ ಸೈಬರ್ ಸೆಂಟರಿನಿಂದ ಪ್ರಿಂಟು ಹಾಕಿಸಿ ತಂದದ್ದೆಲ್ಲ ಸಂಖ್ಯೆಗಳ ಬಗೆಗಳು.

"ಏನೇ ಅದು ಅಷ್ಟೊಂದು?"

"ಸಂಖ್ಯೆಗಳ ಜಾತಿ ಅತ್ತೆ. ಪ್ರಾಜೆಕ್ಟು."

"ಅಯ್ಯೋ ಶಿವನೇ, ಅವಕ್ಕೂ ಜಾತಿ ಮಾಡಿಟ್ಟಿದ್ದೀರೇನೇ?"

ಕೀರ್ತನಾ ನಕ್ಕಳು. "ನಮಗಿಂತ ಜಾಸ್ತಿ ಇದಾವೆ. ಯಾವುದರಿಂದಲೂ ಭಾಗ ಹೋಗದೇ ಇರೋವು ಒಂಟಿ, ಅವು ಅವಿಭಾಜ್ಯ. ಆಮೇಲೆ ಕೊರತೆಯವು ಅಂತ ಇದಾವೆ. ಒಂದು ಸಂಖ್ಯೇನ ಭಾಗಿಸೋ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿಸಿದರೂ ಆ ಸಂಖ್ಯೆ ತುಂಬಲ್ಲ, ಅಂಥವು. ಇನ್ನು ಇಲ್ಲಿ ನೋಡಿ, ಕಂಪ್ಯೂಟರಿನ ಹಾಗೆ ಬರೀ ಸೊನ್ನೆ ಒಂದರಲ್ಲಿ ಬರೆದಾಗ ಒಂದುಗಳು ಸರಿಸಂಖ್ಯೆಯಲ್ಲಿ ಬಂದರೆ ಅದು ದುಷ್ಟ ಸಂಖ್ಯೆ. ಬೆಸವಾಗಿ ಬಂದರೆ ಹೇಸಿಗೆ ಸಂಖ್ಯೆ."

"ಒಳ್ಳೇದು ಅಂತ?"

"ಇಲ್ಲ ಅತ್ತೆ. ಎರಡೇ. ಯಾವ ಸಂಖ್ಯೆ ತಗೊಂಡ್ರೂ ಒಂದೋ ದುಷ್ಟ, ಇಲ್ಲಾಂದ್ರೆ ಹೇಸಿಗೆ. ಲೆಕ್ಕದೋರು ತಮಾಷೆಗೆ ಇಟ್ಟ ಹೆಸರು ಅಷ್ಟೆ."

"ಚೆನ್ನಾಗಿದೆ ತಮಾಷೆ" ಎಂದು ಯಶೋದಮ್ಮ ಎದುರಿಗೆ ಕೂತಳು. ಒಂದು ಹಾಳೆ ತೋರಿಸಿ, "ನಾನು ಹೇಳಿದ್ದು ಬರ್ಕೋ" ಅಂದಳು.

ಚಂದ್ರ ಒಂದು. ಧರೆ ಒಂದು. ಶರ ಐದು. ಲೋಕ ಮೂರು. ಗಿರಿ? "ಕುಲಗಿರಿಗಳು ಏಳು ಕಣೇ, ವಾಚನದಲ್ಲಿ ನೂರು ಸಲ ಕೇಳಿದೀನಿ." ಅಗ್ನಿ ಮೂರು. ಹಾಳೆಯ ಮೇಲೆ ಒಂದು ಲಕ್ಷದ ಹದಿನೈದು ಸಾವಿರದ ಮುನ್ನೂರ ಎಪ್ಪತ್ತಮೂರು ನಿಂತಿತು.

"ಕೊನೇ ಸಾಲು ಏನು ಹೇಳ್ತೀರಲ್ಲ ಅತ್ತೆ? ಸಂದ ಲೆಕ್ಕವು..."

"ಬಲಕೆ ನಡೆವುದು."

"ಸರಿ ಹಾಗಿದ್ರೆ, ನಾವು ಓದೋ ಹಾಗೇ. 'ಬಂದರಿಬ್ಬರೆ ಮಕ್ಕಳು' ಅಂದ್ರೆ..." ಕೀರ್ತನಾ ಪೆನ್ನು ಕಚ್ಚಿದಳು. ಮೂರರಿಂದ ಹೋಗುವುದಿಲ್ಲ, ಏಳರಿಂದ ಹೋಗುವುದಿಲ್ಲ, ಹನ್ನೊಂದು, ಹದಿಮೂರು, ಹದಿನೇಳು. ಅಡುಗೆಮನೆಯಲ್ಲಿ ಕುಕ್ಕರು ಮೂರು ಸಲ ಕೂಗಿತು. ಅರ್ಧ ಗಂಟೆಯ ಮೇಲೆ ಅವಳು "ಅತ್ತೇ!" ಎಂದು ಕಿರುಚಿದ ರೀತಿಗೆ ಯಶೋದಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ನೂರ ಹದಿಮೂರು ಇಂಟು ಸಾವಿರದ ಇಪ್ಪತ್ತೊಂದು. ಎರಡೂ ಅವಿಭಾಜ್ಯ! ಇವೆರಡು ಬಿಟ್ರೆ ಇದನ್ನ ಇನ್ಯಾವುದೂ ಒಡೆಯಲ್ಲ. ಇಬ್ಬರೇ ಮಕ್ಕಳು. ಚಿಕ್ಕವನು ಪೂರ್ವಕ್ಕೆ, ದೊಡ್ಡವನು ದಕ್ಷಿಣಕ್ಕೆ. ಅತ್ತೆ, ತಾತ ಜಾಗ ಹೇಳ್ತಿದಾರೆ. ಯಾವುದೋ ಜಾಗ. ತುಂಬದ ಕೊಡ ಅಂದ್ರೆ ಏನು? ನಿಧಿನಾ?"

ಯಶೋದಮ್ಮನ ಕೈಯ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಅವಳಿಗೆ ನಿಧಿ ನೆನಪಾಗಲಿಲ್ಲ.

"ಕೊಡದ ಬಾವಿ" ಅಂದಳು.

ಅತ್ತಿಗುಪ್ಪೆ ಊರಾಗಿದ್ದಾಗ ಅಲ್ಲಿ ಎರಡು ಬಾವಿಗಳಿದ್ದವು. ಒಂದು ಹುಣಿಸೆ ಬಾವಿ. ಇನ್ನೊಂದು ಕೊಡದ ಬಾವಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಎಂಬತ್ತು ಅಡಿ ಆಳ. ಬಡಾವಣೆ ಬಂದಾಗ ಎರಡನ್ನೂ ಮಣ್ಣು ತುಂಬಿ ಮುಚ್ಚುವ ಕೆಲಸ ಹಿಡಿದವನು ಮೇಷ್ಟ್ರ ಸ್ವಂತ ತಮ್ಮ ಚನ್ನಕೇಶವ. ತಿಂಗಳು ಹಿಡಿಯಬೇಕಾದ ಕೆಲಸ ನಾಲ್ಕೇ ದಿನದಲ್ಲಿ ಮುಗಿಯಿತೆಂದು ಊರೆಲ್ಲ ಅವನನ್ನು ಹೊಗಳಿತ್ತು. ಆ ವಾರ ಅಪ್ಪ ಊಟ ಮಾಡದೆ ಕೂತಿದ್ದದ್ದು, ಚಿಕ್ಕಪ್ಪ ಬಂದು ಅಪ್ಪನ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡು "ಯಾರ ಹತ್ರಾನೂ ಬಾಯಿ ಬಿಡಬಾರದು, ಆಣೆ" ಎಂದದ್ದು, ಬಾಗಿಲ ಸಂದಿಯಿಂದ ತಾನು ನೋಡಿದ್ದು, ಎಲ್ಲ ಈಗ ಒಂದೊಂದಾಗಿ ಮೇಲೆ ಬಂತು. ತುಂಬಿರಲಿಲ್ಲ. ಕಲ್ಲು ಚಪ್ಪಡಿ ಹಾಸಿ ಮೇಲೆ ಎರಡಾಳುದ್ದ ಮಣ್ಣೆಳೆದಿದ್ದರು. ಆಣೆ ಮುರಿಯಲಾರದ ಮೇಷ್ಟ್ರು ಅದನ್ನು ಪದ್ಯ ಮಾಡಿ ಮಗುವಿನ ಬಾಯೊಳಗೆ ಇಟ್ಟಿದ್ದರು.

ಭೈರೇಶ್ ಮೊದಲು ನಕ್ಕ. ಆಮೇಲೆ ನೂರಡಿಯ ಟೇಪು ತಂದ. ಮೇಷ್ಟ್ರು ಜಮೀನಿನ ಅಳತೆಗೂ ಹೋಗುತ್ತಿದ್ದವರು, ಅಳೆಯುತ್ತಿದ್ದುದು ಅಡಿಯಲ್ಲೇ. ಅವರು ಮಕ್ಕಳನ್ನು ನಿಲ್ಲಿಸಿ ಪದ್ಯ ಹೇಳಿಕೊಟ್ಟ ಮಾರಮ್ಮನ ಗುಡಿಯ ದೀಪದ ಕಂಬ ಇದ್ದಲ್ಲೇ ಇತ್ತು. ಅಲ್ಲಿಂದ ರಸ್ತೆ ಹಿಡಿದು ತೆಂಕಣಕ್ಕೆ ಸಾವಿರದ ಇಪ್ಪತ್ತೊಂದು, ಅಡ್ಡರಸ್ತೆಯಲ್ಲಿ ಮೂಡಣಕ್ಕೆ ನೂರ ಹದಿಮೂರು. ಟೇಪಿನ ತುದಿ ಹೋಗಿ ನಿಂತದ್ದು ಅವನದೇ ಸೈಟಿನಲ್ಲಿ, ಅವನು ಹೊಸ ಮನೆಗೆ ಪಾಯ ತೆಗೆಸುತ್ತಿದ್ದ ಜಾಗದಲ್ಲಿ, ಕೆಲಸದವರ ತಗಡಿನ ಶೆಡ್ಡಿನ ಬಾಗಿಲ ಮುಂದೆ.

ಅವನ ನಗು ಇಳಿಯಿತು. ಶೆಡ್ಡಿನಲ್ಲಿ ಇದ್ದವರು ಎಂಟು ಜನ, ಬಾಗಲಕೋಟೆ ಕಡೆಯವರು. ಪಾರವ್ವ, ಅವಳ ಗಂಡ ರೇವಣಸಿದ್ದ, ಅವಳ ಹೊಟ್ಟೆಯಲ್ಲಿ ಏಳು ತಿಂಗಳು, ಉಳಿದವರು ನಂಟರು.

"ಇವತ್ತೇ ಜಾಗ ಖಾಲಿ ಮಾಡಿ" ಅಂದ ಭೈರೇಶ್. "ಆ ಕಡೆ ರಸ್ತೇಲಿ ನಮ್ದೇ ಇನ್ನೊಂದು ಖಾಲಿ ಸೈಟಿದೆ. ಶೆಡ್ಡು, ಸಿಮೆಂಟು, ಕಬ್ಬಿಣ ಎಲ್ಲ ಅಲ್ಲಿಗೆ ಹಾಕ್ಕೊಳ್ಳಿ. ಅಲ್ಲಿ ಸೇಫು."

ಯಶೋದಮ್ಮನೇ ನಿಂತು ಹೊಸ ಜಾಗದಲ್ಲಿ ಒಲೆ ಹೂಡಿಸಿದಳು. ಬಸುರಿ ಹೆಂಗಸು ಬಾವಿಯ ಬಾಯ ಮೇಲೆ ಮಲಗುತ್ತಿದ್ದಳಲ್ಲ, ತಾನು ತಪ್ಪಿಸಿದೆನಲ್ಲ ಎಂದು ಅವಳ ಎದೆ ತುಂಬಿತ್ತು. ಮಾರಮ್ಮನಿಗೆ ಒಂದು ಮಡಿಲಕ್ಕಿ ಕೊಟ್ಟು ಬಂದಳು.

ಮಂಗಳವಾರ ಅವಳು ಹುರಿಗಡಲೆ ಉಂಡೆ ಕಟ್ಟಿಕೊಂಡು ಹೋದಾಗ ಪಾರವ್ವ ಒರಳಿನಲ್ಲಿ ಖಾರ ಕುಟ್ಟುತ್ತಿದ್ದಳು.

"ಜಾಗಾ ಹೆಂಗೈತವ್ವ?"

ಅವಳ ಭಾಷೆಯನ್ನು ಯಶೋದಮ್ಮ ಅಣಕಿಸಿದ ರೀತಿಗೆ ಪಾರವ್ವ ಹಲ್ಲು ಬಿಟ್ಟಳು. "ಭಾಳ ಚೊಲೋ ಐತ್ರಿ ಅಮ್ಮಾರ. ಆ ಕಡೆ ಬರೇ ರಾಡಿ ಇತ್ತು. ಇಲ್ಲಿ ಎಷ್ಟ ನೀರ ಚೆಲ್ಲಿದ್ರೂ ಒಂದ ಗಳಿಗಿ ನಿಲ್ಲಂಗಿಲ್ಲ್ರಿ. ಭೂಮಿತಾಯಿ ಗಟಗಟ ಕುಡಿದ್ಬಿಡ್ತಾಳ."

"ಹೌದಾ?"

"ಮತ್ತ ಈ ಖಾರ ಕುಟ್ಟೋದು ಕೇಳ್ರಿ." ಅವಳು ಒನಕೆ ಎತ್ತಿ ಹಾಕಿದಳು. ಡಂ. ಇನ್ನೊಮ್ಮೆ. ಡಂ. "ಹಲಗಿ ಬಾರಿಸಿಧಂಗ ಆಗ್ತೈತಿ. ನಮ್ಮ ಮನಿಯವ್ರು ನಿನ್ನೆ ಕುಣದ್ರು."

ಯಶೋದಮ್ಮ ನಕ್ಕಳು. ನಗುವಾಗಲೇ ಅವಳ ಅಂಗಾಲಿಗೆ ಏನೋ ತಣ್ಣಗೆ ತಾಗಿದಂತಾಗಿ ಕಾಲು ಎತ್ತಿ ನೋಡಿಕೊಂಡಳು. ಏನೂ ಇರಲಿಲ್ಲ. ಒಣಮಣ್ಣು.

ಬುಧವಾರ ಹಳೆಯ ಜಾಗಕ್ಕೆ ಜೆಸಿಬಿ ಬಂತು. ಚಪ್ಪಡಿ ಸಿಕ್ಕರೆ ಎತ್ತಿ, ಬಾವಿ ತುಂಬಿಸಿ, ಆಮೇಲೆ ಪಾಯ ಎಂದು ಭೈರೇಶ್ ಲೆಕ್ಕ ಹಾಕಿದ್ದ. ಆರಡಿ ಅಗೆದರು, ಹತ್ತಡಿ ಅಗೆದರು, ಹದಿನೈದಡಿಗೆ ಗಟ್ಟಿ ಮೊರಂ ಮಣ್ಣು ಸಿಕ್ಕಿ ಬಕೆಟ್ಟಿನ ಹಲ್ಲು ಕಿರ್ರೆಂದಿತು. ಬಾವಿಯೂ ಇಲ್ಲ, ಬಾವಿಯ ಒಂದು ಕಲ್ಲೂ ಇಲ್ಲ.

ಸಂಜೆ ಮನೆಗೆ ಬಂದವನೇ ಭೈರೇಶ್ ಸೋಫಾಗೆ ಬಿದ್ದು ನಕ್ಕ. "ಏನು ಗುರು ನಮ್ಮ ತಾತ! ಸತ್ತು ಮೂವತ್ತು ವರ್ಷ ಆಗ್ತಾ ಬಂತು, ಇನ್ನೂ ನಮಗೆ ಪರೀಕ್ಷೆ ಇಡ್ತಾನೆ. ಜೆಸಿಬಿಯೋನು ಕೇಳ್ತಾನೆ, ಸಾರ್ ಈಜುಕೊಳ ಮಾಡ್ತೀರಾ ಅಂತ."

"ಅಣ್ಣಾ, ಲೆಕ್ಕ ತಪ್ಪಿಲ್ಲ" ಅಂದಳು ಕೀರ್ತನಾ. "ಎಂಟು ಸಲ ನೋಡಿದೀನಿ. ಆ ಸಂಖ್ಯೆಗೆ ಇಬ್ಬರೇ ಮಕ್ಕಳು. ಬೇರೆ ದಾರಿನೇ ಇಲ್ಲ."

"ಲೆಕ್ಕ ಸರಿ ಕಣೇ, ಬಾವಿ ತಪ್ಪು. ಒಳ್ಳೇದೇ ಆಯ್ತು ಬಿಡು. ನಾಳೆ ಅವರನ್ನ ವಾಪಸ್ ಕರ್ಕೊಂಡು ಬರೋದು. ಇವತ್ತು ಟ್ಯಾಂಕರ್ ಅಲ್ಲಿಗೇ ಹೇಳ್ಬಿಟ್ಟಿದೀನಿ, ಡ್ರಮ್ಮೆಲ್ಲ ಖಾಲಿಯಂತೆ." ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ.

ಯಶೋದಮ್ಮನ ಹಗುರಾಗಬೇಕಾದ ಮನಸ್ಸು ಹಗುರಾಗಲಿಲ್ಲ. ಇಲ್ಲದ ಬಾವಿಗೆ ಅಪ್ಪ ಪದ್ಯ ಕಟ್ಟುವವರಲ್ಲ. ಕೈಕಾಲು ತೊಳೆದುಕೊಂಡು ದೇವರ ಮನೆಗೆ ಹೋಗಿ, ಬತ್ತಿ ಹೊಸೆದು, ಎಣ್ಣೆ ಎರೆದು, ದೀಪ ಹಚ್ಚಿದಳು. ಕೈ ಮುಗಿದು ಪದ್ಯ ಎತ್ತಿಕೊಂಡಳು. ಚಂದ್ರ ಧರೆ ಶರ ಲೋಕ ಗಿರಿಗಳು. ನಾಲಗೆ ನಾಲ್ಕು ದಶಕ ನಡೆದ ದಾರಿ, ತಾನಾಗಿ ನಡೆಯುತ್ತಿತ್ತು. ಇಂದು ತುಂಬದ ಕೊಡವ ಮುಚ್ಚಿದೆ. ಸಂದ ಲೆಕ್ಕವು...

ಅಲ್ಲಿ ಅವಳಿಗೆ ಅಪ್ಪನ ದನಿ ಕೇಳಿಸಿತು. ಲಕ್ವ ಹೊಡೆದ ಮೇಲಿನದಲ್ಲ, ಅದಕ್ಕೂ ಹಿಂದಿನದು, ಗುಡಿಯ ಕಂಬದ ಹತ್ತಿರದ್ದು. ಹನ್ನೆರಡು ವರ್ಷದ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಅವರು ಬಿಡಿಬಿಡಿಯಾಗಿ ಹೇಳಿಕೊಟ್ಟ ಕೊನೆಯ ಸಾಲು. ಅದೇ ದಿನ ಸಂಜೆ ದೀಪದ ಮುಂದೆ ಆ ಸಾಲನ್ನು ಹೇಳುತ್ತಿದ್ದಂತೆ ಅಡುಗೆಮನೆಯಿಂದ ಬಂದ ಅವ್ವ ಬಾಯಿಯ ಮೇಲೆ ಒಂದು ಕೊಟ್ಟಿದ್ದಳು. "ದೀಪದ ಮುಂದೆ ಏನು ಅಂತೀಯೇ, ಅಪಶಕುನ! ಬಲ ಅನ್ನು." ಎಡಕೆ. ಬಲಕೆ. ಮೂರಕ್ಷರಕ್ಕೆ ಮೂರಕ್ಷರ, ಮಾತ್ರೆಗೆ ಮಾತ್ರೆ ಸರಿಹೋಯಿತು. ಪದ್ಯ ಒಂದಿಷ್ಟೂ ಕುಂಟಲಿಲ್ಲ. ಕುಂಟಿದ್ದರೆ ಕಿವಿಗಾದರೂ ತಿಳಿಯುತ್ತಿತ್ತು. ಅಕ್ಕ ಕಲಿಯಬಾರದೆಂದು ಅಂದಿನಿಂದ ತುಟಿಯೊಳಗೇ ಹೇಳಿಕೊಂಡ ಪದ್ಯ ಅಪ್ಪನ ಕಿವಿಗೆ ಬಿದ್ದದ್ದು ಅವರು ಹಾಸಿಗೆ ಹಿಡಿದ ಮೇಲೆಯೇ.

ಅಪ್ಪ ಹಾಸಿಗೆಯಲ್ಲಿ ಮೂರು ದಿನ ಅವಳ ಪದ್ಯ ತಿದ್ದುತ್ತಿದ್ದರು. ಅವಳು ಎಣ್ಣೆ ತಿಕ್ಕುತ್ತಿದ್ದಳು.

"ಕೀರ್ತೂ" ಎಂದಳು. ಹೊರಗೆ ಬಂದು ಮತ್ತೆ ಕರೆದಳು. "ಕೀರ್ತೂ, ಆ ಅಂಕಿಯೆಲ್ಲ ತಿರುಗಿಸಿ ಬರಿ. ಕೊನೆಯಿಂದ. ನಾನು... ಅದು ಬಲಕ್ಕಲ್ಲ ಕಣೇ. ಎಡಕ್ಕೆ. ಎಡಕ್ಕೆ ನಡೆಯೋದು."

ಅತ್ತೆಯ ಬಾಯಲ್ಲಿ ಆ ಮಾತು ಮೊದಲ ಸಲ ಕೇಳಿದ ಕೀರ್ತನಾ ಪೆನ್ನು ಎತ್ತಿಕೊಂಡಳು. ಮೊದಲು ಹೇಳಿದ ಪದ ಬಿಡಿ ಸ್ಥಾನಕ್ಕೆ, ಮುಂದಿನವು ಒಂದೊಂದಾಗಿ ಎಡಗಡೆಗೆ. ಮೂರು ಲಕ್ಷದ ಎಪ್ಪತ್ತಮೂರು ಸಾವಿರದ ಐನೂರ ಹನ್ನೊಂದು. ಅವಳು ಅದನ್ನೇ ನೋಡುತ್ತಾ ಕೂತಳು. ಆಮೇಲೆ ಭಾಗಾಕಾರಕ್ಕೂ ಕಾಯದೆ, ಹಳೆಯ ಇಬ್ಬರು ಮಕ್ಕಳನ್ನೂ ತಿರುಗಿಸಿ ಬರೆದಳು. ನೂರ ಹದಿಮೂರು ತಿರುಗಿದರೆ ಮುನ್ನೂರ ಹನ್ನೊಂದು. ಸಾವಿರದ ಇಪ್ಪತ್ತೊಂದು ತಿರುಗಿದರೆ ಸಾವಿರದ ಇನ್ನೂರ ಒಂದು. ಗುಣಿಸಿದಳು. ಒಂದಂಕಿಯೂ ಹೆಚ್ಚುಕಡಿಮೆಯಿಲ್ಲದೆ ಬಂತು.

"ಇದಕ್ಕೂ ಇಬ್ಬರೇ ಅತ್ತೆ" ಅಂದಳು. "ಎರಡೂ ಕಡೆಯಿಂದ ಇಬ್ಬರೇ. ಅದಕ್ಕೇ ನಮಗೆ ಗೊತ್ತಾಗಲಿಲ್ಲ. ಮೊದಲಿನ ಜಾಗದಿಂದ ಇನ್ನೂ ನೂರ ಎಂಬತ್ತಡಿ ತೆಂಕಣ, ನೂರ ತೊಂಬತ್ತೆಂಟಡಿ ಮೂಡಣ. ಅಂದ್ರೆ..."

ಅಳೆಯಲು ಟೇಪು ಬೇಕಿರಲಿಲ್ಲ. ಆ ದಾರಿಯನ್ನು ಯಶೋದಮ್ಮ ನಿನ್ನೆ ಉಂಡೆಯ ಡಬ್ಬಿ ಹಿಡಿದುಕೊಂಡು ನಡೆದಿದ್ದಳು.

ಅವಳು ಓಡಿದಳು. ಹೊಸ್ತಿಲ ಮೇಲೆ ಯಾವ ಕಾಲು ಬಿತ್ತೋ ಅವಳಿಗೆ ಗೊತ್ತಿಲ್ಲ. ಹಿಂದೆ ಕೀರ್ತನಾ ಬಚ್ಚಲ ಬಾಗಿಲು ಬಡಿಯುತ್ತ "ಅಣ್ಣಾ, ಟ್ಯಾಂಕರ್ ನಿಲ್ಸು, ಫೋನ್ ಮಾಡು" ಎಂದು ಕೂಗುವುದು ಕೇಳಿಸಿತು. ಬೀದಿ ದೀಪಗಳು ಆಗತಾನೆ ಹತ್ತುತ್ತಿದ್ದವು. ತರಕಾರಿ ಗಾಡಿಯವನು "ಏನಾಯ್ತು ಆಂಟಿ?" ಅಂದ. ಅಡ್ಡರಸ್ತೆ ತಿರುಗಿದಾಗ ಕಂಡದ್ದು ಟ್ಯಾಂಕರಿನ ಕೆಂಪು ದೀಪ. ಅದು ಹಿಂದು ಹಿಂದಕ್ಕೆ ಸೈಟಿನೊಳಗೆ ಹೋಗುತ್ತಿತ್ತು, ಕೀಂ ಕೀಂ ಎನ್ನುತ್ತ, ನೀರು ತುಳುಕಿಸುತ್ತ.

"ನಿಲ್ಸಪ್ಪಾ! ನಿಲ್ಸು!"

ಚಾಲಕ ಫಕೀರೇಶ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಇನ್ನ ಎರಡ ಮಾರು ಐತಿ ನಿಲ್ರಿ ಅಮ್ಮಾ, ಪೈಪ್ ಮುಟ್ಟಂಗಿಲ್ಲ."

ಅವಳು ಅವನನ್ನು ದಾಟಿ ಶೆಡ್ಡಿನ ಕಡೆಗೆ ನುಗ್ಗಿದಳು. ಪಾರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಟಪ ಟಪ ಟಪ. ಆ ಸದ್ದಿನ ಕೆಳಗೆ ಇನ್ನೊಂದು ಸದ್ದು ಇತ್ತು, ಯಾರೋ ಬಹಳ ಕೆಳಗಿನಿಂದ ಅದನ್ನೇ ತಿರುಗಿ ಹೇಳುತ್ತಿರುವ ಹಾಗೆ.

"ಯಾಕ್ರೀ ಅಮ್ಮಾರ, ಹಿಂಗ ಓಡಾಕ್ಹತ್ತೀರಿ, ಏನ ಹುಲಿ ಬಂತೇನ?"

"ಏಳೇ! ಎದ್ದು ರಸ್ತೆಗೆ ಬಾ! ಎಲ್ಲಾರೂ ಬನ್ನಿ, ಬಿಟ್ಟು ಬನ್ನಿ ಎಲ್ಲಾ, ಕೆಳಗೆ ಬಾವಿ ಇದೆ!"

"ರೊಟ್ಟಿ ಹೊತ್ತತಾವ್ರಿ..."

ಮಾತೇ ಹೆಚ್ಚು ಆಡದ ಹೆಂಗಸು ಪಾರವ್ವನ ರಟ್ಟೆ ಹಿಡಿದು ಎಳೆದ ರೀತಿಗೆ ರೇವಣಸಿದ್ದ ಎದ್ದು ನಿಂತ. ಅವಳ ಮುಖ ನೋಡಿ ಅವನು ಪ್ರಶ್ನೆ ಕೇಳದೆ ಒಳಗಿದ್ದವರನ್ನು ಹೊರಗೆ ತಳ್ಳತೊಡಗಿದ. ಒಬ್ಬಳು ಟ್ರಂಕಿಗೆ ಕೈ ಹಾಕಿದಳು, ಅವಳನ್ನೂ ಎಳೆದ. ಐದು, ಆರು, ಏಳು. ಪಾರವ್ವ ಎಂಟು. ಎಲ್ಲರೂ ರಸ್ತೆಯ ಡಾಂಬರು ಮುಟ್ಟುವ ಹೊತ್ತಿಗೆ ಟ್ಯಾಂಕರಿನ ಹಿಂದಿನ ಗಾಲಿಗಳು ಸಿಮೆಂಟು ಮೂಟೆಗಳ ಪಕ್ಕ ಬಂದು ನಿಂತವು.

ದೊಡ್ಡ ಸದ್ದೇನೂ ಆಗಲಿಲ್ಲ. ಒಂದು ನಿಟ್ಟುಸಿರು, ಅಷ್ಟೆ. ಒಲೆ ಮೊದಲು ಹೋಯಿತು, ಬೆಂಕಿಯ ಸಮೇತ. ಆಮೇಲೆ ಒರಳು. ತಗಡಿನ ಶೆಡ್ಡು ಮಂಡಿಯೂರುವ ಹಾಗೆ ಮುಂದಕ್ಕೆ ಬಾಗಿ ಇಳಿಯಿತು, ಅದರ ಹಿಂದೆ ನೂರು ಮೂಟೆ ಸಿಮೆಂಟು. ಟ್ಯಾಂಕರಿನ ಹಿಂಭಾಗ ಕುಸಿದು, ಹೊಟ್ಟೆ ಅಂಚಿಗೆ ತಗುಲಿ, ಮೂತಿ ಆಕಾಶಕ್ಕೆತ್ತಿ ನಿಂತಿತು. ಫಕೀರೇಶ ಹಾರಿಬಿದ್ದು ತೆವಳಿಕೊಂಡು ಬಂದ. ನೀರು ಸುರಿಯುತ್ತಿತ್ತು. ಕೆಳಗೆ ಬಿದ್ದದ್ದರ ಸದ್ದು ಮೇಲೆ ಬರಲು ಎಷ್ಟು ಹೊತ್ತಾಯಿತೆಂದರೆ, ಬರುವುದೇ ಇಲ್ಲವೇನೋ ಎಂದು ಎಲ್ಲರೂ ಉಸಿರು ಹಿಡಿದು ಕಾದರು.

ಪಾರವ್ವ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಬೆರಳಿಗೆ ಇನ್ನೂ ಜೋಳದ ಹಿಟ್ಟು ಅಂಟಿತ್ತು. "ಕುಡಿದ್ಲಲ್ರಿ" ಅಂದಳು, ಯಾರಿಗೋ.

ಒದ್ದೆ ತಲೆಯಲ್ಲೇ ಓಡಿ ಬಂದ ಭೈರೇಶ್ ಗುಂಡಿಯ ಅಂಚಿನಿಂದ ದೂರ ನಿಂತು ಜನರನ್ನು ಎಣಿಸಿದ. ಮತ್ತೆ ಎಣಿಸಿದ. ಆಮೇಲೆ ಅತ್ತೆಯ ಕಾಲ ಹತ್ತಿರ ಕೂತುಬಿಟ್ಟ. "ನಾನೇ ಕಳಿಸಿದ್ದು ಇಲ್ಲಿಗೆ. ಸೇಫು ಅಂದೆ."

"ನೀನಲ್ಲಪ್ಪಾ" ಅಂದಳು ಯಶೋದಮ್ಮ. "ಇಲ್ಲಿಗೆ ಕಳಿಸಿದ್ದು ನಾನು. ಹನ್ನೆರಡನೇ ವಯಸ್ಸಿನಲ್ಲೇ ಕಳಿಸಿದ್ದೆ."

"ಹೋಗ್ಲಿ ಬಿಡಿ ಅತ್ತೆ, ಮುಗೀತಲ್ಲ."

ಅವಳು ರಾತ್ರಿಯಿಡೀ ಚಾಪೆಯ ಮೇಲೆ ಕೂತಿದ್ದಳು. ಚಿಕ್ಕಪ್ಪ ನಾಲ್ಕು ದಿನದಲ್ಲಿ ಮುಚ್ಚಿದ್ದು ಎರಡು ಬಾವಿ. ಪದ್ಯವೂ ಎರಡು.

ಬೆಳಗಾಗುತ್ತಲೇ ಹುಣಿಸೆ ಬಾವಿ ಎಲ್ಲಿತ್ತು ಎಂದು ಊರ ಮುದುಕರನ್ನು ಕೇಳಿದರೆ ಒಬ್ಬರು ಅಂಚೆ ಕಚೇರಿಯ ಕಡೆ ತೋರಿಸಿದರು, ಒಬ್ಬರು ಪಾರ್ಕಿನ ಕಡೆ. ಮರ ಹೋಗಿ ಮೂವತ್ತು ವರ್ಷ. ಆ ಬೆಳಿಗ್ಗೆಯೇ ಅವಳು ಕೀರ್ತನಾಳನ್ನು ಕರೆದುಕೊಂಡು ಮೈಸೂರು ರಸ್ತೆಯ ಬಸ್ಸು ಹತ್ತಿ ಕೆಂಗೇರಿ ಉಪನಗರಕ್ಕೆ ಹೋದಳು, ಅಕ್ಕ ಹೊನ್ನವ್ವನ ಮನೆಗೆ. ಕೀರ್ತನಾ ಚೀಲದಲ್ಲಿ ಬಿಳಿ ಹಾಳೆ ಇಟ್ಟುಕೊಂಡಿದ್ದಳು. ದಾರಿಯಲ್ಲಿ ಒಂದೇ ಮಾತು ಆಡಿದಳು: "ಅತ್ತೆ, ಆ ತಿರುಗಿಸಿದ ಸಂಖ್ಯೆ ಯಾವ ಜಾತಿ ಅಂತ ರಾತ್ರಿ ನೋಡಿದೆ." ಯಶೋದಮ್ಮ ಕಿಟಕಿಯ ಕಡೆಯೇ ನೋಡುತ್ತಿದ್ದಳು. ಯಾವುದು ಎಂದು ಕೇಳಲಿಲ್ಲ.

ಹೊನ್ನವ್ವನಿಗೆ ಮರೆವು ಹತ್ತಿ ಮೂರು ವರ್ಷವಾಗಿತ್ತು. ಸೊಸೆ ಪ್ರಭಾ ಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿದ್ದಳು. "ನನ್ನೇ ಯಾರು ಅಂತಾರೆ ಚಿಕ್ಕತ್ತೆ. ನಿಮ್ಮನ್ನ ಗುರುತು ಹಿಡಿಯೋದು ಡೌಟು."

ಯಶೋದಮ್ಮ ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತಳು. "ಅಕ್ಕಯ್ಯ, ಅಪ್ಪ ನಿಂಗೆ ಹೇಳಿಕೊಟ್ಟ ಪದ್ಯ. ಗುಡಿ ಹತ್ರ. ಹೇಳು."

ಹೊನ್ನವ್ವ ಅವಳನ್ನು ನೋಡಿದಳು. ಆಮೇಲೆ ತೊಡೆಯ ಮೇಲೆ ಬೆರಳು ಆಡಿತು. ಮೂರು ಬಡಿತ, ನಾಲ್ಕು. ಮೂರು, ನಾಲ್ಕು. ಅದೇ ನಡೆ, ಅದೇ ಧಾಟಿ. ಬೊಚ್ಚುಬಾಯಿಯಿಂದ ರಾಗ ಹೊರಟಿತು, ಮಾತಿಲ್ಲದ ರಾಗ. ನಾನ ನನನನ ನಾನ ನನನನ. ಕೀರ್ತನಾ ಪೆನ್ನು ಹಿಡಿದು ಕಾದಳು. ಮೊದಲ ಸಾಲು ಹೀಗೆಯೇ ಹೋಯಿತು. ಎರಡನೆಯದೂ. ಅಂಕಿಗಳು ಇರಬೇಕಾದಲ್ಲೆಲ್ಲ ಬರೀ ನಾನ ನನನನ. ಐದು ಸಾಲು ಹೀಗೆ ಮುಗಿದು ಆರನೆಯದಕ್ಕೆ ಬಂದಾಗ ಮುದುಕಿಯ ಕಣ್ಣು ಬೆಳಗಿತು, ದನಿ ತಿಳಿಯಾಯಿತು:

"ಸಂದ ಲೆಕ್ಕವು ಎಡಕೆ ನಡೆವುದು."

ಹೇಳಿ ಮಗುವಿನ ಹಾಗೆ ನಕ್ಕಳು. ಶಭಾಷ್ ಎನ್ನಲಿ ಎಂದು ತಂಗಿಯ ಮುಖ ನೋಡಿದಳು.

ಕೀರ್ತನಾಳ ಮೊಬೈಲು ಹೊಡೆದುಕೊಂಡಿತು. ಭೈರೇಶ್. ಅವನ ದನಿ ಪಕ್ಕದವರಿಗೂ ಕೇಳಿಸುವಷ್ಟು ಜೋರಾಗಿತ್ತು. "ಸಿಕ್ತೇನೇ? ಸರಿ ಬಿಡು, ನಿಧಾನಕ್ಕೆ ಆಗ್ಲಿ. ಅತ್ತೆಗೆ ಹೇಳು, ಪಾರವ್ವ ಅವ್ರಿಗೆಲ್ಲ ಪಾರ್ಕಿನ ಹಿಂದೆ ಒಂದು ಜಾಗ ಮಾಡಿಕೊಟ್ಟೆ. ಶೆಡ್ಡು ಏಳ್ತಾ ಇದೆ. ಒಳ್ಳೇ ಜಾಗ ಕಣೇ, ಎಷ್ಟು ಮಳೆ ಬಂದ್ರೂ ನೀರೇ ನಿಲ್ಲಲ್ವಂತೆ."

ಯಶೋದಮ್ಮ ಅಕ್ಕನ ಎರಡೂ ಕೈ ಹಿಡಿದುಕೊಂಡಳು.

"ಮೊದಲಿಂದ ಹೇಳು ಅಕ್ಕಯ್ಯ" ಎಂದಳು. "ಮೊದಲನೇ ಸಾಲಿಂದ."

ಹೊನ್ನವ್ವನ ಬೆರಳು ತೊಡೆಯ ಮೇಲೆ ಮತ್ತೆ ಬಡಿಯತೊಡಗಿತು. ಮೂರು, ನಾಲ್ಕು. ಮೂರು, ನಾಲ್ಕು.